ಹಳೆಯ ದಾಂಡೂ ಹೊಸ ದಾಂಡೂ

ಗಾಲ್ಫ್ ಆಟದ ದಾಂಡುಗಳನ್ನು ಮಾರುವವರು ಈಗಿನ ಕಾಲದಲ್ಲಿ ತಮ್ಮ ಸರಕನ್ನು ಹೊಗಳುವಾಗ ಒಂದು ಸೋಜಿಗದ ವಿಶೇಷಣವನ್ನು ಬಳಸುವುದುಂಟು. “ಈ ದಾಂಡು ಬಹಳ ಕ್ಷಮಾಶೀಲವಾದುದು” ಎಂದು ಹೇಳುತ್ತಾರೆ. ಹೊಡೆಯುವವರ ಕೈ ತುಸು ತಪ್ಪಿ, ಚೆಂಡು ದಾಂಡಿನ ಮುಖದ ನಡುವೆ ತಗುಲದೆ ಅಂಚಿಗೆ ತಗುಲಿದರೂ, ಅದು ಅಡ್ಡಹೋಗದೆ ಹೆಚ್ಚುಕಡಮೆ ನೇರವಾಗಿಯೇ ಹೋಗುವುದೆಂಬುದು ಆ ಮಾತಿನ ಅರ್ಥ. ಕ್ಷಮೆಯೆಂಬ ಮಾತನ್ನು ಈ ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ದಿನವೂ ಕೇಳಿ ಬೆಳೆದ ನನಗೆ, ಅದನ್ನು ಒಂದು ಲೋಹದ ತುಂಡಿಗೆ ಹಚ್ಚಿ ಹೇಳುವುದು ಮೊದಲು ವಿನೋದವಾಗಿ ತೋರಿತು. ವಿಚಾರಮಾಡಿದಷ್ಟೂ ಅದರಲ್ಲಿ ಹುರುಳಿರುವಂತೆ ಕಂಡಿತು. ಆದುದರಿಂದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಅಪ್ಪಣೆಯಾದಾಗ, ಹಳೆಯ ದಾಂಡು ಹೊಸ ದಾಂಡುಗಳ ಸಂಗತಿಯನ್ನೇ ನಮ್ಮ ಸೋದರಿಯರ ಮುಂದಿಡಲು ಮನಸ್ಸಾಯಿತು.

ಈ ಆಟವನ್ನು ಕಾಣದವರಿಗಾಗಿ ಎರಡು ಮಾತು ಹೇಳಬೇಕು. ವಿಶಾಲವಾದ ಹುಲ್ಲುಬಯಲಿನಲ್ಲಿ ದೂರದೂರಕ್ಕೆ ಹದಿನೆಂಟು ಕುಳಿಗಳಿರುತ್ತವೆ. ಒಂದು ಚಿಕ್ಕ ಚೆಂಡನ್ನು ದಾಂಡಿನಿಂದ ಹೊಡೆಯುತ್ತ, ಆ ಕುಳಿಗಳೊಳಗೆ ಒಂದಾದ ಮೇಲೊಂದರಂತೆ ಸೇರಿಸಬೇಕು. ಎಲ್ಲರಿಗಿಂತ ಕಡಮೆ ಏಟುಗಳಲ್ಲಿ ಮುಗಿಸಿದವರು ಗೆದ್ದವರು. ನಮ್ಮ ಚಿನ್ನಿದಾಂಡಿನಲ್ಲಿ ಚಿನ್ನಿಯನ್ನು ದೂರ ಹಾರಿಸಿದವನಿಗೇ ಮಾನ. ಗಾಲ್ಫಿನಲ್ಲಾದರೋ ದೂರ ಹಾರಿಸುವುದು ಅರ್ಧ ವಿದ್ಯೆ ಮಾತ್ರ. ಕುಳಿಯ ಹತ್ತಿರ ಬಂದ ಮೇಲೆ ಅಳತೆಯರಿತು ಮೆಲ್ಲನೆ ತಟ್ಟುವುದು ಉಳಿದರ್ಧ. ಒಂದೊಂದು ದೂರಕ್ಕೆ ಒಂದೊಂದು ದಾಂಡು. ಎಲ್ಲ ದಾಂಡಿಗೂ ಮೂರು ಅಂಗಗಳು: ಕೈಯಲ್ಲಿ ಹಿಡಿಯುವ ಹಿಡಿ, ಕೊಡಲಿಗಿರುವಂತೆ ಒಂದು ಕಾವು, ಕೆಳಗೆ ಚೆಂಡಿಗೆ ತಗುಲುವ ತಲೆ. ಆರು ನೂರು ವರ್ಷಗಳ ಬದಲಾವಣೆಯೆಲ್ಲವೂ ಈ ಮೂರು ಅಂಗಗಳಲ್ಲಿಯೇ ನಡೆದುದು.

ಸ್ಕಾಟ್ಲೆಂಡಿನ ಜನ ಈ ಆಟವನ್ನು ಎಷ್ಟು ಹಚ್ಚಿಕೊಂಡಿದ್ದರೆಂದರೆ, ಬಿಲ್ಲುವಿದ್ಯೆಯ ಅಭ್ಯಾಸಕ್ಕೆ ಕುಂದು ಬರುವುದೆಂದು ಅಲ್ಲಿನ ಪಾರ್ಲಿಮೆಂಟು 1457ರಲ್ಲಿ ಅದನ್ನು ನಿಷೇಧಿಸಬೇಕಾಯಿತು. ಆದರೆ 1502ರಲ್ಲಿ ನಾಲ್ಕನೆಯ ಜೇಮ್ಸ್ ದೊರೆಯೇ ಪರ್ತ್ ಪಟ್ಟಣದ ಒಬ್ಬ ಬಿಲ್ಲು ಮಾಡುವ ಕಸಬುದಾರನಿಂದ ದಾಂಡುಗಳನ್ನು ಕೊಂಡುದಕ್ಕೆ ಅರಮನೆಯ ಬೊಕ್ಕಸದ ಲೆಕ್ಕದಲ್ಲಿ ದಾಖಲೆಯುಂಟು. ಯಾವ ಬಿಲ್ಲಿಗಾಗಿ ಆಟವನ್ನು ತಡೆದರೋ, ಆ ಬಿಲ್ಲನ್ನು ಮಾಡುವವನೇ ಆಟದ ದಾಂಡನ್ನೂ ಮಾಡಿಕೊಟ್ಟನು. ಇದು ಸಹಜವೇ ಸರಿ. ಬಾಗಿ ಮತ್ತೆ ನೆಟ್ಟಗಾಗುವ ಮರದ ಗುಣವನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

ಹಳೆಯ ದಾಂಡಿನ ತಲೆಯನ್ನು ಬೀಚ್, ಸೇಬು, ಪೇರು ಮೊದಲಾದ ಮರಗಳಿಂದ ಕೆತ್ತುತ್ತಿದ್ದರು. ಅದರ ಬೆನ್ನಿನಲ್ಲಿ ಗುಳಿ ತೋಡಿ ಕರಗಿದ ಸೀಸವನ್ನು ಹೊಯ್ಯುತ್ತಿದ್ದರು. ನೆಲಕ್ಕೆ ಉಜ್ಜುವ ಅಂಚು ಸವೆಯದಂತೆ ಟಗರಿನ ಕೊಂಬಿನ ಪಟ್ಟಿಯನ್ನು ಕೂಡಿಸುತ್ತಿದ್ದರು. ತಲೆಯ ಕತ್ತನ್ನೂ ಕಾವಿನ ತುದಿಯನ್ನೂ ಓರೆಯಾಗಿ ಸೀಳಿ, ಒಂದರ ಮೇಲೊಂದನ್ನಿಟ್ಟು ಅಂಟುಹಾಕಿ, ಕೀಲೆಣ್ಣೆ ಹಚ್ಚಿದ ದಾರದಿಂದ ಒತ್ತಾಗಿ ಸುತ್ತುತ್ತಿದ್ದರು. ಸೇಂಟ್ ಆಂಡ್ರೂಸ್ ಪಟ್ಟಣದ ಹ್ಯೂ ಫಿಲ್ಪ್ ಎಂಬ ಬಡಗಿ ಈ ಕೆಲಸದಲ್ಲಿ ಹೆಸರಾದವನು. 1856ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಕೈಯ ದಾಂಡುಗಳನ್ನು ಜನರು ಚಿತ್ರಪಟಗಳಂತೆ ಕಾಪಾಡಿದರು. ಕಾವಿಗೆ ಮೊದಲು ಆಶ್, ಹೇಜಲ್ ಮರಗಳನ್ನು ಬಳಸುತ್ತಿದ್ದವರು, ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದಿಂದ ಬಂದ ಹಿಕ್ಕರಿ ಮರವನ್ನು ಕಂಡ ಮೇಲೆ ಬೇರೆಯದನ್ನು ಒಲ್ಲದಾದರು. ಅಕ್ರೋಟಿನ ಬಳಗಕ್ಕೆ ಸೇರಿದ ಈ ಮರ ಗಟ್ಟಿಯೂ ಹೌದು, ಬಳುಕುವುದೂ ಹೌದು. ಮುಂದೆ ತಲೆಗೂ ಅಮೆರಿಕದ ಪರ್ಸಿಮ್ಮನ್ ಮರವೇ ಶ್ರೇಷ್ಠವೆನಿಸಿತು. ಅದು ನಮ್ಮ ಕಾಡುಗಳ ಕರಿಮರಕ್ಕೂ ಬೀಡಿ ಎಲೆಯ ಮರಕ್ಕೂ ದಾಯಾದಿ.

ದಾಂಡಿನ ಆಕಾರವನ್ನು ತೀರ್ಮಾನಿಸಿದ್ದು ಕಸಬುದಾರನ ಇಚ್ಛೆಯೊಂದೇ ಅಲ್ಲ. ಚೆಂಡು ಸಹ ತೀರ್ಮಾನಿಸಿತು. ಮೊದಲಿನ ಚೆಂಡು ತೊಗಲಿನ ಚೀಲದೊಳಗೆ ಬೇಯಿಸಿದ ಹಕ್ಕಿಗರಿಗಳನ್ನು ಗಿಡಿದು ಹೊಲಿದದ್ದು. ಅದಕ್ಕೆ ಉದ್ದನೆಯ, ತೆಳ್ಳನೆಯ ಮರದ ತಲೆ ಸಾಕಾಗಿತ್ತು. 1848ರ ಸುಮಾರಿಗೆ ಮಲಯ ದೇಶದ ಮರದ ಹಾಲಿನಿಂದಾದ ಗಟ್ಟಾಪರ್ಚಾ ಚೆಂಡು ಬಂತು. ಅದು ಅಗ್ಗವಾದರೂ ಕಲ್ಲಿನಂತೆ ಗಟ್ಟಿ. ತೆಳ್ಳನೆಯ ತಲೆಗಳು ಅದರ ಪೆಟ್ಟಿಗೆ ಸೀಳತೊಡಗಿದವು. ಆಗ ತಲೆಗಳು ಗಿಡ್ಡವೂ ದಪ್ಪವೂ ಆದವು. ಕಬ್ಬಿಣದ ತಲೆಗಳೂ ಹೆಚ್ಚಾಗಿ ಬಳಕೆಗೆ ಬಂದವು. 1898ರಲ್ಲಿ ಅಮೆರಿಕದ ಹ್ಯಾಸ್ಕೆಲ್ ಎಂಬವರು ರಬ್ಬರಿನ ಎಳೆಯನ್ನು ಬಿಗಿಯಾಗಿ ಸುತ್ತಿದ ಚೆಂಡನ್ನು ಕಲ್ಪಿಸಿದರು. ಅದು ಪುಟಿದೇಳುವ ಚೆಂಡು. ಹೀಗೆ ಚೆಂಡು ಬದಲಾದ ಹಾಗೆಲ್ಲ ದಾಂಡೂ ಬದಲಾಯಿತು. ಹಳೆಯ ದಾಂಡೆಂದು ನಾವು ಹೇಳುವುದೂ ತನ್ನ ಕಾಲದಲ್ಲಿ ಹೊಸದೇ ಆಗಿತ್ತೆಂಬುದನ್ನು ಮರೆಯಬಾರದು.

ಆ ದಾಂಡುಗಳಿಗೆ ಸಂಖ್ಯೆಗಳಿರಲಿಲ್ಲ, ಹೆಸರುಗಳಿದ್ದವು. ಬ್ರಾಸಿ, ಸ್ಪೂನ್, ಕ್ಲೀಕ್, ಮ್ಯಾಶಿ, ನಿಬ್ಲಿಕ್ ಎಂದು ಮನೆಯ ಮಕ್ಕಳನ್ನು ಕೂಗುವಂತೆ ಕೂಗುತ್ತಿದ್ದರು. ಒಂದೊಂದನ್ನೂ ಬೇರೆಬೇರೆಯಾಗಿ ಕೈಯಲ್ಲಿ ಬಳುಕಿಸಿ ನೋಡಿ ಆರಿಸಿಕೊಳ್ಳುತ್ತಿದ್ದರು. 1916ರಲ್ಲಿ ಚಿಕ್ ಇವಾನ್ಸ್ ಎಂಬ ಅಮೆರಿಕದ ಆಟಗಾರರು ಕೇವಲ ಏಳು ದಾಂಡುಗಳಿಂದ ತಮ್ಮ ದೇಶದ ಓಪನ್ ಪಂದ್ಯವನ್ನು ಗೆದ್ದರು. ಉಕ್ಕಿನ ಕಾವಿಗೆ ಸೇಂಟ್ ಆಂಡ್ರೂಸಿನ ಹಿರಿಯ ಸಂಘವು 1929ರಲ್ಲಿ ಒಪ್ಪಿಗೆ ಕೊಟ್ಟಿತು. ಅದರ ಮರುವರುಷವೇ, ಎಂದರೆ 1930ರಲ್ಲಿ, ಬಾಬಿ ಜೋನ್ಸ್ ಎಂಬವರು ಹಿಕ್ಕರಿಯ ಕಾವುಗಳಿಂದಲೇ ಆ ಕಾಲದ ನಾಲ್ಕು ಮಹಾಪಂದ್ಯಗಳನ್ನು ಒಂದೇ ವರ್ಷದಲ್ಲಿ ಗೆದ್ದು, ಹಳೆಯ ದಾಂಡಿಗೆ ಗೌರವದ ವಿದಾಯ ಹೇಳಿದಂತಾಯಿತು. ಉಕ್ಕಿನ ಕಾವುಗಳನ್ನು ಒಂದೇ ಅಚ್ಚಿನಲ್ಲಿ ಎಷ್ಟು ಬೇಕಾದರೂ ಮಾಡಬಹುದಾದುದರಿಂದ ಚೀಲಗಳು ಉಬ್ಬಿದವು. ಇಪ್ಪತ್ತಕ್ಕಿಂತ ಹೆಚ್ಚು ದಾಂಡುಗಳನ್ನು ಹೊರಿಸಿಕೊಂಡು ಹೋಗುವವರಾದರು. ಕೊನೆಗೆ ಅಮೆರಿಕದಲ್ಲಿ 1938ರಲ್ಲಿಯೂ ಬ್ರಿಟನ್ನಿನಲ್ಲಿ 1939ರಲ್ಲಿಯೂ ಹದಿನಾಲ್ಕೇ ದಾಂಡುಗಳೆಂದು ಕಟ್ಟುಮಾಡಿದರು. ಆ ನಿಯಮ ಇಂದಿಗೂ ಇದೆ.

ಹಿಕ್ಕರಿಗೂ ಉಕ್ಕಿಗೂ ಇರುವ ಭೇದ ಗಟ್ಟಿತನವೊಂದೇ ಅಲ್ಲ. ಹಿಕ್ಕರಿಯ ಕಾವು ಬೀಸುವಾಗ ಬಾಗುವುದಲ್ಲದೆ ತಿರುಚಿಕೊಳ್ಳುವುದು. ಅವಸರದಿಂದ ಬೀಸಿದರೆ ತಲೆಯ ಮುಖ ಇನ್ನೂ ಓರೆಯಾಗಿರುವಾಗಲೇ ಚೆಂಡಿಗೆ ತಗುಲಿಬಿಡುವುದು. ಆದುದರಿಂದ ಹಳೆಯ ಆಟಗಾರರು ಕಾವು ಮತ್ತೆ ನೆಟ್ಟಗಾಗುವಷ್ಟು ಕಾಲವನ್ನು ಅದಕ್ಕೆ ಕೊಟ್ಟು, ತಾಳಬದ್ಧವಾಗಿ ಬೀಸುತ್ತಿದ್ದರು. ಉಕ್ಕು ಅಷ್ಟಾಗಿ ತಿರುಚಿಕೊಳ್ಳದು, ಬಲವಿದ್ದಷ್ಟೂ ಬೀಸಬಹುದು. ಇದರಿಂದ ಆಟದ ನಡಿಗೆಯೇ ಬದಲಾಯಿತು.

ಇನ್ನು ಕ್ಷಮೆಯ ವಿಚಾರ. ನಮ್ಮ ಊರುಗಳಲ್ಲಿ ಕಾವಡಿಯಲ್ಲಿ ನೀರು ಹೊರುವವರನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುವುದು. ಎರಡು ಕೊಡಗಳ ಭಾರವನ್ನು ಒಂದೇ ಗಂಟಾಗಿ ಹೆಗಲ ನಡುವೆ ಹೊತ್ತವನು ಬೇಕಾದಾಗ ಗಕ್ಕನೆ ತಿರುಗಬಲ್ಲನು. ಅದೇ ಭಾರವನ್ನು ಕಾವಡಿಯ ಎರಡು ತುದಿಗಳಿಗೆ ತೂಗಹಾಕಿಕೊಂಡವನು ಹಾಗೆ ತಿರುಗಲಾರನು. ಯಾರಾದರೂ ತಗುಲಿದರೂ ಕಾವಡಿ ಬೇಗ ತಿರುಗದು. ಹಳೆಯ ಕಬ್ಬಿಣದ ದಾಂಡಿನಲ್ಲಿ ತೂಕವೆಲ್ಲ ಮುಖದ ನಡುವಿನ ಹಿಂದೆ ಗುಂಪಾಗಿರುತ್ತಿತ್ತು. ಚೆಂಡು ಅಂಚಿಗೆ ತಗುಲಿದರೆ ತಲೆ ಕೈಯೊಳಗೇ ತಿರುಗಿ, ಚೆಂಡು ಅಡ್ಡಹೋಗುತ್ತಿತ್ತು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಯಂತ್ರಶಿಲ್ಪಿಯಾಗಿದ್ದ ಕಾರ್ಸ್ಟನ್ ಸೋಲ್‌ಹೈಮ್ ಎಂಬವರು 1959ರಲ್ಲಿ ಕುಳಿಗೆ ತಟ್ಟುವ ದಾಂಡೊಂದನ್ನು ಮಾಡಿ, ಅದರ ತೂಕವನ್ನು ಎರಡು ತುದಿಗಳಿಗೆ ಹಂಚಿದರು. ಅದು ಚೆಂಡಿಗೆ ತಗುಲಿದಾಗ ಬಂದ ಸದ್ದಿನಿಂದ ಅದಕ್ಕೆ ಪಿಂಗ್ ಎಂದೇ ಹೆಸರಾಯಿತು. ಮುಂದೆ ಕಬ್ಬಿಣದ ದಾಂಡುಗಳಿಗೂ ಅವರು ಇದೇ ಉಪಾಯವನ್ನು ಹೂಡಿದರು. ದಾಂಡಿನ ಕ್ಷಮೆಯೆಂದರೆ ಕಾವಡಿಯ ನ್ಯಾಯವೇ ಹೊರತು ಬೇರೆಯಲ್ಲ.

1979ರಲ್ಲಿ ಗ್ಯಾರಿ ಆಡಮ್ಸ್ ಎಂಬವರು ದೂರ ಹೊಡೆಯುವ ದಾಂಡಿಗೆ ಮರದ ಬದಲು ಟೊಳ್ಳಾದ ಉಕ್ಕಿನ ತಲೆಯನ್ನಿಟ್ಟು ಮಾರಿದರು. ಉಕ್ಕಿನ ಊರಾದ ಪಿಟ್ಸ್‌ಬರ್ಗಿನ ಹೆಸರು ಹಿಡಿದು ಜನ ಅದನ್ನು ಪಿಟ್ಸ್‌ಬರ್ಗಿನ ಪರ್ಸಿಮ್ಮನ್ ಎಂದು ಹಾಸ್ಯಮಾಡಿದರು. ಹಾಸ್ಯ ಬಹುಕಾಲ ಉಳಿಯಲಿಲ್ಲ. 1990ರ ದಶಕದಲ್ಲಿ ಹಗುರವೂ ಗಟ್ಟಿಯೂ ಆದ ಟೈಟಾನಿಯಂ ಬಂತು. ಕಾವು ಇಂಗಾಲದ ಎಳೆಗಳಿಂದಾದ ಗ್ರಾಫೈಟ್ ಆಯಿತು. ತಲೆ ಉಬ್ಬುತ್ತಲೇ ಹೋದುದರಿಂದ, 2004ರಲ್ಲಿ ಅದರ ಗಾತ್ರ 460 ಘನ ಸೆಂಟಿಮೀಟರನ್ನು ಮೀರಬಾರದೆಂದು ನಿಯಮ ಮಾಡಬೇಕಾಯಿತು. ಎಂದರೆ ಅರ್ಧ ಲೀಟರಿಗೆ ತುಸು ಕಡಮೆ ಹಾಲು ಹಿಡಿಯುವ ಪಾತ್ರೆಯಷ್ಟು. ಹಳೆಯ ಪರ್ಸಿಮ್ಮನ್ ತಲೆ ಇದರ ಅರ್ಧದಷ್ಟೂ ಇರಲಿಲ್ಲ. ಆದರೂ ಎರಡರ ತೂಕ ಸುಮಾರು 200 ಗ್ರಾಮುಗಳೇ. ತೂಕ ಬದಲಾಗಲಿಲ್ಲ, ಅದನ್ನು ಹಂಚಿದ ಬಗೆ ಬದಲಾಯಿತು.

ಇದರ ಫಲವನ್ನು ಅಂಕೆಗಳಲ್ಲಿ ನೋಡಬಹುದು. ಅಮೆರಿಕದ ವೃತ್ತಿಪರ ಪುರುಷರ ಪಂದ್ಯಗಳಲ್ಲಿ ಮೊದಲ ಏಟಿನ ಸರಾಸರಿ ದೂರ 1980ರಲ್ಲಿ ಸುಮಾರು 257 ಗಜವಿದ್ದುದು, 2023ರ ಹೊತ್ತಿಗೆ ಸುಮಾರು 300 ಗಜಕ್ಕೆ ಬಂತು. ಚೆಂಡಿನ ಸುಧಾರಣೆ, ಆಟಗಾರರ ಅಂಗಸಾಧನೆ ಇವುಗಳಿಗೂ ಇದರಲ್ಲಿ ಪಾಲುಂಟು. ದೂರ ಹೆಚ್ಚಿದಂತೆ ಬಯಲುಗಳನ್ನೂ ಉದ್ದಮಾಡಬೇಕಾಯಿತು. ಬಯಲು ಉದ್ದವಾದರೆ ನೆಲ ಹೆಚ್ಚು ಬೇಕು, ಹುಲ್ಲಿಗೆ ನೀರು ಹೆಚ್ಚು ಬೇಕು. ಬೇಸಗೆಯಲ್ಲಿ ಕೊಡ ಹಿಡಿದು ನೀರಿಗೆ ಕಾಯುವ ನಾಡಿನವರಾದ ನಮಗೆ ಇದು ಅಲ್ಪವಾದ ವಿಷಯವಲ್ಲ. ಚೆಂಡು ಹಾರುವ ದೂರವನ್ನು ತಗ್ಗಿಸಬೇಕೆಂದು ಆಟದ ನಿಯಮಕರ್ತರು 2023ರ ಡಿಸೆಂಬರಿನಲ್ಲಿ ನಿರ್ಧಾರ ಪ್ರಕಟಿಸಿದುದು ಇದಕ್ಕಾಗಿಯೇ.

ಇಷ್ಟು ಹೇಳಿದ ಮಾತ್ರಕ್ಕೆ ಹಳೆಯದೇ ಮೇಲೆಂದು ತೀರ್ಪು ಕೊಡಲಾಗದು. ಅದರಲ್ಲಿಯೂ ನಾವು ಹೆಂಗಸರು ಕೊಡಲಾಗದು. ಸೇಂಟ್ ಆಂಡ್ರೂಸಿನಲ್ಲಿ 1867ರಲ್ಲಿ ಸ್ತ್ರೀಯರ ಸಂಘವೊಂದು ಹುಟ್ಟಿತಾದರೂ, ಅವರಿಗೆ ದೊರೆತುದು ಕುಳಿಗೆ ಮೆಲ್ಲನೆ ತಟ್ಟುವ ಆಟ ಮಾತ್ರ. ದಾಂಡನ್ನು ಹೆಗಲಿನ ಮೇಲಕ್ಕೆತ್ತಿ ಬೀಸುವುದು ಸ್ತ್ರೀಯರ ಉಡುಪಿಗೆ ಒಪ್ಪುವ ಭಂಗಿಯಲ್ಲವೆಂದು 1890ರ ಒಂದು ಆಂಗ್ಲ ಗ್ರಂಥದಲ್ಲಿ ಒಬ್ಬ ದೊಡ್ಡ ಮನುಷ್ಯರು ಬರೆದರು. ಮೂರೇ ವರ್ಷಗಳ ಮೇಲೆ, 1893ರಲ್ಲಿ, ಬ್ರಿಟನ್ನಿನ ಸ್ತ್ರೀಯರ ಪ್ರಥಮ ಪಂದ್ಯವನ್ನು ಲೇಡಿ ಮಾರ್ಗರೆಟ್ ಸ್ಕಾಟ್ ಎಂಬಾಕೆ ಗೆದ್ದಳು. ಮುಂದಿನ ಎರಡು ವರ್ಷಗಳಲ್ಲಿಯೂ ಆಕೆಯೇ ಗೆದ್ದಳು. ಜಾಯ್ಸ್ ವೆದರ್ಡ್ ಎಂಬ ಆಂಗ್ಲ ಮಹಿಳೆ 1920ರಿಂದ 1924ರ ವರೆಗೆ ಐದು ವರ್ಷ ಬಿಡದೆ ಇಂಗ್ಲೆಂಡಿನ ಸ್ತ್ರೀಯರ ಪಂದ್ಯವನ್ನು ಗೆದ್ದದ್ದು ಹಿಕ್ಕರಿಯ ದಾಂಡುಗಳಿಂದಲೇ. ಆಕೆಯ ಬೀಸುವಿಕೆಯನ್ನು ಬಾಬಿ ಜೋನ್ಸರೇ ಮುಕ್ತಕಂಠದಿಂದ ಹೊಗಳಿದರು. ಆದರೂ ಇವರೆಲ್ಲ ಅಸಾಮಾನ್ಯರು. ಸಾಮಾನ್ಯ ಬಲದ ಹುಡುಗಿಗೆ, ವಯಸ್ಸಾದ ತಾಯಿಗೆ, ಚಿಕ್ಕ ಮಗುವಿಗೆ ಭಾರವಾದ ಹಳೆಯ ದಾಂಡು ಬಾಗಿಲನ್ನು ಮುಚ್ಚಿಯೇ ಇತ್ತು. ಅದನ್ನು ತೆರೆದ ಕೈಗಳಲ್ಲಿ ಹಗುರವಾದ ಹೊಸ ದಾಂಡಿನ ಕೈಯೂ ಒಂದು. ಅಮೆರಿಕ ಮತ್ತು ಯುರೋಪಿನ ಸ್ತ್ರೀಯರ ತಂಡಗಳು 1990ರಿಂದ ಆಡುತ್ತಿರುವ ಪಂದ್ಯದ ಬಟ್ಟಲಿಗೆ ಆ ಸೋಲ್‌ಹೈಮರ ಹೆಸರೇ ಇದೆ. ಸೇಂಟ್ ಆಂಡ್ರೂಸಿನ ಹಿರಿಯ ಸಂಘವಾದರೋ ಸ್ತ್ರೀಯರನ್ನು ಸದಸ್ಯರಾಗಿ ಒಪ್ಪಿಕೊಂಡುದು 2014ರಲ್ಲಿ. ದಾಂಡುಗಳು ಮನುಷ್ಯರಿಗಿಂತ ಬೇಗನೆ ಬದಲಾದವೆಂದು ಹೇಳಬೇಕು.

ನಮ್ಮ ದೇಶಕ್ಕೆ ಈ ಆಟ ಬೇಗನೆಯೇ ಬಂತು. ಕಲ್ಕತ್ತೆಯ ಸಂಘ 1829ರದು, ಬೆಂಗಳೂರಿನದು 1876ರದು. ದೊಡ್ಡವರು ಆಡಿದ ಕಡೆಗಳಲ್ಲೆಲ್ಲ ಬಡವರು ಚೀಲ ಹೊತ್ತರು. ನನ್ನ ಸೋದರಮಾವನವರು ಹುಡುಗತನದಲ್ಲಿ ಹಾಗೆ ಚೀಲ ಹೊತ್ತವರು. ಆಮೇಲೆ ದಾಂಡು ದುರಸ್ತಿಯ ಕೆಲಸವನ್ನು ಕಲಿತು ಅದರಿಂದಲೇ ಸಂಸಾರ ನಡೆಸಿದರು. ಸಡಿಲವಾದ ದಾರವನ್ನು ಬಿಚ್ಚಿ ಮೇಣ ಹಚ್ಚಿ ಮತ್ತೆ ಬಿಗಿಯುವುದು, ಬಿರುಕುಬಿಟ್ಟ ತಲೆಗೆ ಅಂಟುಹಾಕುವುದು, ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿದ ಪರ್ಸಿಮ್ಮನ್ನನ್ನು ಒಣಗಿಸಿ ಉಜ್ಜಿ ಮೆರುಗೆಣ್ಣೆ ಬಳಿಯುವುದು, ಇವು ಅವರ ಕೆಲಸಗಳು. ಟೈಟಾನಿಯಮ್ಮಿನ ತಲೆಗಳು ಬಂದ ಮೇಲೆ ಬಿಚ್ಚಲು ದಾರವಿಲ್ಲ, ಉಜ್ಜಲು ಮರವಿಲ್ಲ. ಹಿಡಿಯ ರಬ್ಬರನ್ನು ಬದಲಾಯಿಸುವ ಕೆಲಸವೊಂದು ಉಳಿಯಿತು. ನಾಲ್ಕು ಜನ ಮಕ್ಕಳ ಓದು ಅದೇ ವರ್ಷಗಳಲ್ಲಿ ನಡೆಯಬೇಕಾಗಿತ್ತು. ಅತ್ತೆಯವರು ಹೊಲಿಗೆಯ ಯಂತ್ರದ ಮುಂದೆ ಕುಳಿತು ಆ ಕೊರತೆಯನ್ನು ತುಂಬಿದರು.

ಮಾವನವರ ಬಳಿ ಹಿಕ್ಕರಿ ಕಾವಿನ ಮ್ಯಾಶಿಯೊಂದಿತ್ತು. ಅದನ್ನೂ ಒಂದು ಹೊಸ ದಾಂಡನ್ನೂ ನನ್ನ ಕೈಗೆ ಕೊಟ್ಟು ಭೇದವನ್ನು ನೋಡೆಂದರು. ಹೊಸದರಲ್ಲಿ ಚೆಂಡು ಮುಖದ ಯಾವ ಭಾಗಕ್ಕೆ ತಗುಲಿದರೂ ಕೈಗೆ ಬರುವ ಸುದ್ದಿ ಬಹುಮಟ್ಟಿಗೆ ಒಂದೇ. ಮ್ಯಾಶಿಯಲ್ಲಾದರೋ ನಡುವಿಗೆ ತಗುಲಿದರೆ ತಗುಲಿದುದೇ ತಿಳಿಯದಷ್ಟು ಮೃದು. ಅಂಚಿಗೆ ತಗುಲಿದರೆ ಅಂಗೈಯಿಂದ ಮೊಳಕೈಯ ವರೆಗೆ ಜುಮ್ಮೆನ್ನುವುದು. “ಇದು ಮಾತಾಡುತ್ತೆ ಮಗಳೇ, ಅದು ಸುಮ್ಮನಿರುತ್ತೆ” ಎಂದು ಮಾವನವರು ಹೇಳಿದರು.

ಅವರ ಮೊಮ್ಮಗಳು ಹತ್ತು ವರ್ಷದವಳಾಗಿ ಆಟ ಕಲಿಯಬೇಕೆಂದು ಹಟ ಹಿಡಿದಾಗ, ಅವರು ಯಾವುದನ್ನು ಕೊಡುವರೋ ಎಂದು ನನಗೆ ಕುತೂಹಲವಿತ್ತು. ಅವರು ಗ್ರಾಫೈಟ್ ಕಾವಿನ ಹೊಸ ದಾಂಡೊಂದನ್ನು ಅವಳ ಎತ್ತರಕ್ಕೆ ಕತ್ತರಿಸಿ ಹಿಡಿ ಕೂಡಿಸಿದರು. “ಮಾವ, ನಿಮ್ಮ ಅನ್ನಕ್ಕೆ ಕಲ್ಲು ಹಾಕಿದ ದಾಂಡನ್ನೇ ಮಗುವಿಗೆ ಕೊಡುತ್ತೀರಲ್ಲ” ಎಂದು ಕೇಳಿದೆನು. ಅವರು ನಕ್ಕು, “ಮೊದಲ ದಿವಸವೇ ಕೈ ನೊಂದರೆ ಮಗು ಮಾರನೆಯ ದಿವಸ ಬಯಲಿಗೆ ಬರುತ್ತಾಳೇನಮ್ಮ? ಚೆಂಡು ಮೇಲಕ್ಕೇಳುವುದನ್ನು ಮೊದಲು ಕಣ್ತುಂಬ ನೋಡಲಿ. ಅದು ಯಾಕೆ ಏಳುತ್ತೆ, ಯಾಕೆ ಏಳೋಲ್ಲ ಎಂಬುದನ್ನು ಆಮೇಲೆ ಹಳೆಯದು ಹೇಳಿಕೊಡುತ್ತೆ” ಎಂದರು. ಕೆಲವು ತಿಂಗಳಾದ ಮೇಲೆ ಪ್ರತಿ ಶನಿವಾರ ಅರ್ಧ ಗಂಟೆ ಅವಳ ಕೈಗೆ ಮ್ಯಾಶಿ ಬರತೊಡಗಿತು. ಮೊದಮೊದಲು ಮುಖ ಸಿಂಡರಿಸುತ್ತಿದ್ದ ಹುಡುಗಿ, ವರ್ಷ ತುಂಬುವಷ್ಟರಲ್ಲಿ ಕಣ್ಣು ಮುಚ್ಚಿಕೊಂಡು ಹೊಡೆದು, ಚೆಂಡು ಮುಖದ ಯಾವ ಕಡೆಗೆ ತಗುಲಿತೆಂದು ಹೇಳಬಲ್ಲವಳಾದಳು. ವಾರದ ಉಳಿದ ದಿನಗಳಲ್ಲಿ ಹೊಸ ದಾಂಡಿನಿಂದ ಆಡುವಾಗಲೂ ಆ ಅರಿವು ಅವಳ ಕೈಯಲ್ಲಿ ಉಳಿದಿತ್ತು.

ಕೈಯ ಅರಿವಿಗೆ ಈಗಲೂ ಬೆಲೆಯಿದೆಯೇ ಎಂದು ಸಂದೇಹಪಡುವವರು ಟೋಕಿಯೊ ನಗರದ ಒಲಿಂಪಿಕ್ ಪಂದ್ಯವನ್ನು ನೆನೆಯಬಹುದು. 2021ರ ಆಗಸ್ಟಿನಲ್ಲಿ ಅಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಎಂಬ ತರುಣಿ, ತಾಯಿಯವರೇ ಚೀಲ ಹೊತ್ತು ಜೊತೆಯಲ್ಲಿರಲು, ನಾಲ್ಕು ದಿನಗಳ ಆಟವನ್ನು 269 ಏಟುಗಳಲ್ಲಿ ಮುಗಿಸಿ ನಾಲ್ಕನೆಯ ಸ್ಥಾನ ಪಡೆದಳು. ಪದಕಕ್ಕೆ ಒಂದೇ ಏಟಿನ ಅಂತರವಿತ್ತು. ದೂರ ಹೊಡೆಯುವವರ ಸಾಲಿನಲ್ಲಿ ಆಕೆ ಹಿಂದಿನವಳು. ಜಗತ್ತಿನ ಬಲಿಷ್ಠರೆಲ್ಲ ಅದೇ ಟೈಟಾನಿಯಂ ಹಿಡಿದು ಆಕೆಗಿಂತ ಎಷ್ಟೋ ಗಜ ಮುಂದಕ್ಕೆ ಹೊಡೆಯುತ್ತಿರಲು, ಆಕೆ ಕುಳಿಯ ಬಳಿಗೆ ಬಂದು ಮೆಲ್ಲನೆ ತಟ್ಟುವ ವಿದ್ಯೆಯಿಂದ ಅವರನ್ನು ಸರಿಗಟ್ಟಿದಳು. ಒಂದು ಕಾಲದಲ್ಲಿ ಹೆಂಗಸರಿಗೆ ಇಷ್ಟೇ ಸಾಕೆಂದು ಬಿಟ್ಟುಕೊಟ್ಟಿದ್ದ ವಿದ್ಯೆಯೇ ಅದು. ಆ ಒಂದು ಕೆಲಸದಲ್ಲಿ ದಾಂಡು ಎಷ್ಟು ಹೊಸದಾದರೂ, ನೆಲದ ಇಳಿಜಾರನ್ನೂ ಹುಲ್ಲಿನ ಒಲವನ್ನೂ ಅರಿಯುವ ಭಾರ ಮನುಷ್ಯನ ಕಣ್ಣು ಕೈಗಳ ಮೇಲೆಯೇ ಇದೆ.

ಹೀಗೆ ಎರಡು ಪಕ್ಷಗಳನ್ನೂ ನೋಡಿದ ಮೇಲೆ, ಅಂಗಡಿಯವರ ಮಾತಿಗೆ ಒಂದು ಚಿಕ್ಕ ತಿದ್ದುಪಡಿಯನ್ನು ಸೂಚಿಸಲು ನನಗೆ ಮನಸ್ಸಾಗುವುದು. ತಪ್ಪನ್ನು ಬಲ್ಲವನು ಅದನ್ನು ಮನ್ನಿಸಿದರೆ ಅದು ಕ್ಷಮೆ. ತಪ್ಪು ಕಾಣದಂತೆ ಮುಚ್ಚುವುದು ಬೇರೆ ವಿಷಯ. ಹೊಸ ದಾಂಡು ನಮ್ಮ ತಪ್ಪನ್ನು ಬಲ್ಲುದಲ್ಲ, ಅದನ್ನು ಮುಚ್ಚುವುದಷ್ಟೆ. ಅದು ದುರ್ಬಲರಿಗೆ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ; ಆ ಉಪಕಾರವನ್ನು ಕೃತಜ್ಞತೆಯಿಂದ ಸ್ವೀಕರಿಸಬೇಕು. ಹಳೆಯ ದಾಂಡಾದರೋ ತಪ್ಪನ್ನು ತಿಳಿಸುವುದೇ ಹೊರತು ಮನ್ನಿಸುವುದನ್ನು ಅರಿಯದು. ಎರಡನ್ನೂ ಬಲ್ಲದ್ದು ಕಲಿಸುವವರ ಹೃದಯವೊಂದೇ. ಕೈಯ ನೋವನ್ನು ತಡೆದು ಮಗುವನ್ನು ಬಯಲಿಗೆ ಕರೆತಂದವರೂ, ಕಾಲ ಬಂದಾಗ ಅದೇ ಕೈಗೆ ಮ್ಯಾಶಿ ಕೊಟ್ಟವರೂ ಒಬ್ಬರೇ ಅಲ್ಲವೆ?

ನಮ್ಮ ಸೋದರಿಯರಲ್ಲಿ ಗಾಲ್ಫ್ ಆಡುವವರು ಬಹಳ ಮಂದಿ ಇರಲಾರರು. ಆದರೆ ತಪ್ಪನ್ನು ಮುಚ್ಚುವ ಉಪಕರಣಗಳು ಈಗ ಎಲ್ಲರ ಕೈಯಲ್ಲಿಯೂ ಇವೆ. ಕಾಗುಣಿತವನ್ನು ತಾನೇ ತಿದ್ದುವ ಯಂತ್ರವಿದೆ, ಲೆಕ್ಕವನ್ನು ತಾನೇ ಮಾಡುವ ಯಂತ್ರವಿದೆ. ಅವುಗಳನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ವಾರಕ್ಕೆ ಅರ್ಧ ಗಂಟೆಯಾದರೂ ಅವನ್ನು ಬದಿಗಿಟ್ಟು, ತಪ್ಪನ್ನು ಅಂಗೈಗೆ ತಿಳಿಸುವ ಹಳೆಯ ಸಾಧನವೊಂದನ್ನು ಹಿಡಿಯಬೇಕೆಂದು ಮಾತ್ರ ಪ್ರಾರ್ಥಿಸುವೆನು. ತಿಳಿಸುವುದನ್ನೂ ಮನ್ನಿಸುವುದನ್ನೂ ಒಟ್ಟಿಗೆ ಕಲಿಸುವ ಗುರುಗಳು ಈ ವಿದ್ಯಾಶಾಲೆಗೆ ಎಂದೆಂದಿಗೂ ದೊರೆಯುತ್ತಿರಲಿ.